ರೈಲಲ್ಲಿ ಬಂದ ಗುರು

ನಜರ್‌ಬಾದಿನ ಕರಿಬಸವಯ್ಯ ಅಂದ್ರೆ ಇಡೀ ಬೀದಿಗೇ ಅಯ್ನೋರು. ಮದುವೆಯಾಗ್ಲಿ, ಗೃಹಪ್ರವೇಶವಾಗ್ಲಿ, ಮೊದ್ಲು ಅವನ ಪಾದ ತೊಳೀಬೇಕು, ಮೊದಲ್ನೇ ಎಲೆ ಅವನಿಗೇ ಹಾಕ್ಬೇಕು. ಅವನ ಆಸ್ತಿ ಅಂತ ಇದ್ದಿದ್ದು ಅದೊಂದೇ ಅನ್ನಿ. ಆ ಬೀದಿಗೆ ಐವತ್ತೆರಡರಲ್ಲಿ ಬಂದ ನೋಡಿ, ಸಂತೋಖ್ ಸಿಂಗ್. ದೇಶ ಒಡೆದಾಗ ಊರು ಮನೆ ಕಳಕೊಂಡ ಸರ್ದಾರ. ಲಾರಿ ರಿಪೇರಿ ಶೆಡ್ ಹಾಕ್ದ. ಎಲ್ಲರ ಬಾಯಲ್ಲೂ ಸರ್ದಾರ್ರು ಹಂಗೆ, ಸರ್ದಾರ್ರು ಹಿಂಗೆ. ಕರಿಬಸವಯ್ಯನ ಹೊಟ್ಟೇಲಿ ಮೆಣಸಿನಕಾಯಿ ಅರೆದಂಗಾಯ್ತು.

ಉರಿಯೋ ಬೆಂಕಿಗೆ ಹೆಂಡ್ತಿ ಪುಟ್ಟಬಸಮ್ಮ ತುಪ್ಪ ಸುರಿದ್ಲು. "ಕೇಳಿದ್ರಾ? ಶನಿವಾರ ಸರ್ದಾರ್ರ ಗುರು ಬೆಂಗ್ಳೂರಿಂದ ರೈಲಲ್ಲಿ ಬರ್ತಾರಂತೆ. ಭಾನುವಾರ ಎಲ್ಲರಿಗೂ ಊಟ. ನಾನೂ ರೊಟ್ಟಿ ಲಟ್ಟಿಸೋಕೆ ಬರ್ತೀನಿ ಅಂದ್ಬುಟ್ಟೆ."

"ಯಾರ್ನ ಕೇಳಿ ಅಂದೆ? ಅವನ ಗುರು ಬಂದ್ಮೇಲೆ ನನ್ನ ಪಾದ ಯಾರು ತೊಳೀತಾರೆ, ನಿಮ್ಮಪ್ಪಾನಾ?"

"ನಮ್ಮಪ್ಪ ಒಂದ್ಸಲ ತೊಳೆದಿದ್ದಕ್ಕೇ ನಾನಿನ್ನೂ ಅನುಭವಿಸ್ತಿದೀನಿ ಕಣ್ರೀ."

ಶನಿವಾರದವರೆಗೂ ಅವನಿಗೆ ಅನ್ನ ಸೇರ್ಲಿಲ್ಲ. ಆ ಗುರು ಎಷ್ಟು ಎತ್ತರವೋ, ಗಡ್ಡ ಎಷ್ಟುದ್ದವೋ! ದಪ್ಪಗೆ ವಿಭೂತಿ ಬಳ್ಕೊಂಡು, ರೇಷ್ಮೆ ಶಲ್ಯ ಹೊದ್ದು, ಸ್ಟೇಷನ್ನಿಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತ.

ರೈಲು ಬಂತು. ಸಂತೋಖ್ ಸಿಂಗ್ ಬರಿಗಾಲಲ್ಲಿ ಹತ್ತಿ, ಜರಿ ಬಟ್ಟೆ ಹೊದಿಸಿದ್ದ ಒಂದು ಗಂಟನ್ನ ತಲೆ ಮೇಲಿಟ್ಕೊಂಡು ಇಳಿದ. ಹಿಂದೊಬ್ಬ ಚಾಮರ ಬೀಸ್ತಿದ್ದ. ಕರಿಬಸವಯ್ಯ ಬಗ್ಗಿ ಬೋಗಿಯೊಳಗೆ ಇಣುಕಿದ.

"ಗುರುಗಳು ಎಲ್ರೀ?"

"ಇಲ್ಲೇ ಅಯ್ನೋರೇ, ನಮ್ ತಲೆ ಮೇಲೆ. ಈ ಗ್ರಂಥಾನೇ."

"ಪುಸ್ತಕಾನಾ?"

"ಹೌದು. ಮೊದಲು ನಾನಕ್ ಗುರು. ಹಂಗೇ ಹತ್ತು ಗುರು ಆದ್ರು. ಹತ್ತನೇವ್ರು ಹೇಳ್ಬಿಟ್ರು, ಇನ್ಮೇಲೆ ಮನುಷ್ಯ ಗುರು ಬೇಡ, ಈ ವಾಣೀನೇ ಗುರು."

ಕರಿಬಸವಯ್ಯನಿಗೆ ಹೋದ ಜೀವ ಬಂತು. ಪುಸ್ತಕಕ್ಕೆ ಪಾದ ಎಲ್ಲಿ? ಬದುಕ್ದೆ!

ಭಾನುವಾರ ಗತ್ತಿನಲ್ಲೇ ಶೆಡ್ಡಿಗೆ ಹೋದ. ಗೋಣಿತಾಟು ಹಾಸಿ ಎಲ್ಲರೂ ಒಂದೇ ಸಾಲಲ್ಲಿ ಕೂತಿದ್ರು. ಖಾಲಿ ಇದ್ದಿದ್ದು ಚಪ್ಪಲಿ ಹೊಲಿಯೋ ಚೆಲುವಯ್ಯನ ಪಕ್ಕ.

"ನನ್ನ ಮಣೆ ಎಲ್ಲಿ?"

"ಮಣೆ ಇಲ್ಲ ಅಯ್ನೋರೇ," ಅಂದ ಸರ್ದಾರ. " ದೇವರು ಒಬ್ಬ, ಸಾಲೂ ಒಂದೇ."

ರೊಟ್ಟಿ ತರ್ತಿದ್ದ ಪುಟ್ಟಬಸಮ್ಮ ಅಂದ್ಲು, "ಬಸವಣ್ಣೋರು ಇನ್ನೇನು ಹೇಳಿದ್ರು? ಕೂತ್ಕಳಿ ಸುಮ್ನೆ."

ಕೂತ. ಸಂತೋಖ್ ಸಿಂಗ್ ಬೇಳೆ ಬಡಿಸ್ತಾ ಕತೆ ಹೇಳ್ದ. ಹುಡುಗ ನಾನಕನಿಗೆ ಅಪ್ಪ ವ್ಯಾಪಾರ ಮಾಡು ಅಂತ ಹಣ ಕೊಟ್ಟನಂತೆ. ಇವನು ಹಸಿದ ಸಾಧುಗಳಿಗೆ ಉಣ್ಣಿಸಿ, ಇದಕ್ಕಿಂತ ನಿಜವಾದ ವ್ಯಾಪಾರ ಇದೆಯಾ ಅಂದನಂತೆ. ದುಡೀಬೇಕು, ಹಂಚಿ ತಿನ್ನಬೇಕು, ದೇವರ ಹೆಸರು ಬಿಡಬಾರದು. ಇಷ್ಟೇ ನಮ್ ಧರ್ಮ ಅಂದ. ಕರಿಬಸವಯ್ಯ ಮುಖ ಗಂಟಿಕ್ಕೊಂಡೇ ಮೂರ್ಸಲ ಬೇಳೆ ಹಾಕಿಸ್ಕೊಂಡ.

ಎದ್ದು ಬಾಗ್ಲಿಗೆ ಬಂದ್ರೆ ಚಪ್ಪಲಿ ಇಲ್ಲ. ಅವನಿಗಿಂತ ಮುಂಚೆ ಬಂದು ಕೂತಿದ್ದ ಸರ್ದಾರನ ತೊಡೆ ಮೇಲಿದ್ವು. ಬೀದಿಯೋರ ಚಪ್ಪಲಿಯೆಲ್ಲ ಬಟ್ಟೇಲಿ ಒರೆಸಿ ಒರೆಸಿ ಜೋಡಿಸ್ತಿದ್ದ.

"ಏನಯ್ಯಾ ಇದು?"

"ಸೇವಾ, ಅಯ್ನೋರೇ."

ಪುಟ್ಟಬಸಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು ಸರ್ದಾರನ್ನೇ ನೋಡ್ತಿದ್ಲು. ಇಷ್ಟು ವರ್ಷ ಊರೆಲ್ಲ ತನ್ನ ಪಾದ ತೊಳೆದಿದ್ರೂ, ಒಬ್ರಾದ್ರೂ ತನ್ನನ್ನ ಹಂಗೆ ನೋಡಿದ್ರಾ? ಕರಿಬಸವಯ್ಯನಿಗೆ ಬುಡದಿಂದ ಉರಿ ಹತ್ಕೊಳ್ತು. ಬಟ್ಟೆ ಕಿತ್ಕೊಂಡು ದಡಾರ್ ಅಂತ ಕೂತ.

"ಸರಿ ಆ ಕಡೆ! ನಮ್ಮ ಬೀದಿ ಚಪ್ಪಲಿ ಒರೆಸೋಕೆ ಪಂಜಾಬಿಂದ ನೀನು ಬರ್ಬೇಕಾ?"

ಕೈಗೆ ಸಿಕ್ಕಿದ್ದು ಚೆಲುವಯ್ಯನ ಜೋಡು. "ಅಯ್ಯೋ ಬುದ್ಧಿ, ಬ್ಯಾಡಿ!" ಅಂತ ಅವನು ಓಡಿ ಬಂದ. "ಸುಮ್ನಿರಯ್ಯಾ!" ಅಂತ ಕರಿಬಸವಯ್ಯ ಗದರಿಸಿ ಉಜ್ಜಿದ. ಆಮೇಲೆ ಓರೆಗಣ್ಣಲ್ಲಿ ನೋಡ್ದ. ಸರ್ದಾರ ಒರೆಸಿದ್ದು ಇದಕ್ಕಿಂತ ಮಿರಮಿರ ಅಂತಿತ್ತು.

ಉಫ್ ಅಂತ ಊದಿ, ಮತ್ತೆ ಉಜ್ಜೋಕೆ ಶುರುವಿಟ್ಕೊಂಡ.