ಐದು ಎಲ್ಲಿ ಹೋಯಿತು?

ನಾಲ್ಕಾದ ಮೇಲೆ ಐದು ಬರಬೇಕು. ಬಂದದ್ದು ಆರು. ಅಕ್ಕ ಕೀ ಒತ್ತಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದಳು. ಮೂರು, ನಾಲ್ಕು, ಆರು. ಇದೇನಪ್ಪಾ ಇದು ಎಂದು ಅವಳ ಕಿವಿ ನೆಟ್ಟಗಾಯಿತು.

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕನೇ. ವಯಸ್ಸು ಐವತ್ತೆರಡು, ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಅರ್ಧ ಊರಿನ ನಂಬರುಗಳನ್ನು ತಲೆಯಲ್ಲಿಟ್ಟುಕೊಂಡವಳು. ಅದು ಮುಚ್ಚಿದ ಮೇಲೆ ಎರಡು ವರ್ಷ ತಂಗಿಯ ಮನೆ. ತಂಗಿ ಒಳ್ಳೆಯವಳು, ತಂಗಿಯ ಗಂಡ ಇನ್ನೂ ಒಳ್ಳೆಯವನು. ಕಷ್ಟವಿದ್ದದ್ದೇ ಅಲ್ಲಿ! ನೀರಿನ ಲೋಟಕ್ಕೆ ಕೈ ಚಾಚಿದರೆ ಸಾಕು, ಯಾರಾದರೂ ಓಡಿ ಬಂದು ಕೈಗಿಡುತ್ತಿದ್ದರು. ಹೀಗೆ ಕೂತು ತಿನ್ನುವುದಕ್ಕಿಂತ ಏನಾದರೂ ಕಲಿಯುತ್ತೇನೆಂದು ಹಟ ಹಿಡಿದು ಕಂಪ್ಯೂಟರ್ ಕಲಿತಳು. ಈ ಆಫೀಸಿನವರು ಒಂದು ತಿಂಗಳ ಟ್ರಯಲ್ ಮೇಲೆ ತೆಗೆದುಕೊಂಡರು. ಆ ತಿಂಗಳು ಮುಗಿಯುವುದು ಇವತ್ತು ಸಂಜೆ ನಾಲ್ಕಕ್ಕೆ. ಆಮೇಲೆ ಕೆಲಸ ಖಾಯಂ, ಇಲ್ಲವೇ ಮತ್ತೆ ತಂಗಿಯ ಮನೆಯ ಕುರ್ಚಿ.

ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕಲಿಯುವವರಿಗೆ ಪಾಠ ಒದಗಿಸುವ ಆಫೀಸು ಅದು. ಎಲ್ಲೆಲ್ಲಿಯವರೋ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟುಕೊಟ್ಟ ಕೋಡಿಂಗ್ ನೋಟ್‌ಬುಕ್‌ಗಳನ್ನು ತಂದು, ಕಣ್ಣು ಕಾಣದವರಿಗೂ ನಿಲುಕುವ ಹಾಗೆ ಹದ ಮಾಡಬೇಕು. ನೋಟ್‌ಬುಕ್ ಎಂದರೆ ಒಂದಿಷ್ಟು ವಿವರಣೆ, ಅದರ ಕೆಳಗೆ ಸೆಲ್ ಎಂಬ ಚೌಕದೊಳಗೆ ಒಂದಿಷ್ಟು ಕೋಡ್. ಸೆಲ್ ಓಡಿಸಿದರೆ ಕೆಳಗೆ ಉತ್ತರ ಬರುತ್ತದೆ. ಎಷ್ಟನೆಯದಾಗಿ ಓಡಿತು ಎಂಬ ಸಂಖ್ಯೆ ಪಕ್ಕದಲ್ಲಿ ಬೀಳುತ್ತದೆ. ಪರದೆಯ ಮೇಲಿದ್ದದ್ದನ್ನೆಲ್ಲ ಸ್ಕ್ರೀನ್ ರೀಡರ್ ಅಕ್ಕನ ಹೆಡ್‌ಫೋನಿನಲ್ಲಿ ಓದಿ ಹೇಳುತ್ತಿತ್ತು. ಎಲ್ಲಿ ತೊಡಕಿದೆ ಎಂದು ಅವಳು ಹೇಳಬೇಕು, ಪಕ್ಕದ ಮೇಜಿನ ಮೇಷ್ಟ್ರು ಸರಿಪಡಿಸಬೇಕು. ಮೊದಲು ಗಣಿತ ಕಲಿಸುತ್ತಿದ್ದವರು ಅವರು. ಅಕ್ಕನ ಕೆಲಸ ಹೇಗಿತ್ತೆಂದು ಬರೆದುಕೊಡಬೇಕಾದವರೂ ಅವರೇ.

ಐದು ಕಾಣೆಯಾಗಿದೆ ಎಂದು ಅಕ್ಕ ಹೇಳಿದಾಗ ಮೇಷ್ಟ್ರು ನಕ್ಕರು. ಬರೆಯುವವರು ಏನೋ ಓಡಿಸಿ ನೋಡುತ್ತಾರೆ, ಬೇಡವೆನಿಸಿದರೆ ಅಳಿಸುತ್ತಾರೆ, ಸಂಖ್ಯೆ ಹಾರುವುದು ಮಾಮೂಲು ಎಂದರು. ಕೇಳುವವರಿಗೆ ಆ ಸಂಖ್ಯೆಗಳು ಬರೀ ಕಿರಿಕಿರಿಯಾದ್ದರಿಂದ ಅವನ್ನು ರೀಡರ್ ಓದದಂತೆ ಮಾಡಿಬಿಡುತ್ತೇನೆ, ಇವತ್ತೇ, ಎಂದೂ ಸೇರಿಸಿದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಅಕ್ಕ ಸ್ವಲ್ಪ ತಾಳಿ ಎಂದಳು.

ಪಾಠವೇನೋ ಸರಳವಾಗಿತ್ತು. ನೂರೈವತ್ತು ಜನ ಬಸ್ಸಿಗಾಗಿ ಎಷ್ಟೆಷ್ಟು ನಿಮಿಷ ಕಾದರು ಎಂಬ ಪಟ್ಟಿ ಕೊಟ್ಟು, ಸರಾಸರಿ ತೆಗೆಯುವುದನ್ನು ಕಲಿಸುವುದು. ಹನ್ನೊಂದು ನಿಮಿಷ ಎಂಬ ಉತ್ತರ ಮೊದಲೇ ಅಚ್ಚಾಗಿ ಕೂತಿತ್ತು. ಅಕ್ಕ ಎಲ್ಲ ಸೆಲ್‌ಗಳನ್ನೂ ಮೇಲಿನಿಂದ ಓಡಿಸಿದಳು. ಹದಿನಾಲ್ಕು ಬಂತು. ಮತ್ತೆ ಓಡಿಸಿದಳು, ಹದಿನಾಲ್ಕೇ. ಮೂರನೆಯ ಸಲವೂ ಜಪ್ಪಯ್ಯ ಅಂದರೂ ಹನ್ನೊಂದಕ್ಕೆ ಇಳಿಯಲಿಲ್ಲ.

“ಎಲ್ಲೋ ತಪ್ಪು ಕೀ ಒತ್ತಿರ್ತೀರಿ ಅಕ್ಕ. ಈ ಪಾಠ ನಾಲ್ಕು ಜನ ನೋಡಿ ಸರಿ ಇದೆ ಅಂದಿದ್ದಾರೆ,” ಎಂದರು ಮೇಷ್ಟ್ರು. ಹೇಳುತ್ತಲೇ ಟಪಟಪ ಏನೋ ಟೈಪ್ ಮಾಡಿದರು. ಅದು ತನ್ನ ವರದಿಯೇ ಇರಬೇಕೆಂದು ಅಕ್ಕನಿಗೆ ಅನಿಸಿತು. ಆಯ್ತು ಮೇಷ್ಟ್ರೇ, ನನ್ನದೇ ತಪ್ಪಿರಬೇಕು ಎಂದುಬಿಟ್ಟರೆ ಅವರು ಖುಷಿಯಾಗಿ ಒಂದು ಒಳ್ಳೆಯ ಮಾತು ಬರೆದಾರು. ಗಂಟೆ ಆಗಲೇ ಎರಡೂವರೆ.

ಆದರೆ ತಲೆಯಲ್ಲಿ ಹುಳ ಹೊಕ್ಕಾಗಿತ್ತಲ್ಲ! ಐದು ಎಲ್ಲಿ ಹೋಯಿತು? ಎಲ್ಲರಿಗೂ ಬಿಟ್ಟುಕೊಟ್ಟ ಇಂಥ ನೋಟ್‌ಬುಕ್‌ಗಳಲ್ಲಿ ಒಂದು ಅನುಕೂಲವಿದೆ. ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಹಳೆಯ ಪ್ರತಿಗಳಲ್ಲಿ ಹಾಗೇ ಉಳಿದಿರುತ್ತದೆ. ಕಣ್ಣಿರುವವರು ಅತ್ತ ತಲೆ ಹಾಕುವುದು ಕಡಿಮೆ. ಅಕ್ಕ ಒಂದೊಂದೇ ಪ್ರತಿ ತೆರೆದು ಕೇಳುತ್ತಾ ಹೋದಳು. ಒಂದರಲ್ಲಿ ಕಾಗುಣಿತ ತಿದ್ದಿದ್ದರು, ಇನ್ನೊಂದರಲ್ಲಿ ಬಣ್ಣ ಬದಲಿಸಿದ್ದರು. ಹದಿನೇಳನೆಯದಕ್ಕೆ ಬರುವಾಗ ಮೂರು ಗಂಟೆ ದಾಟಿತ್ತು. ಅಲ್ಲಿ ಸಿಕ್ಕಿತು ಐದು. ಅವಳಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಮೇಷ್ಟ್ರನ್ನು ಕರೆದು, ಹೆಡ್‌ಫೋನ್ ತೆಗೆದು, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ಐದನೆಯ ಸೆಲ್ಲಿನ ಕೋಡ್ ನಲವತ್ತು ನಿಮಿಷಕ್ಕಿಂತ ಹೆಚ್ಚಿನ ಸಾಲುಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುತ್ತಿತ್ತು. ಒಟ್ಟು ಒಂಬತ್ತು ಸಾಲು. ಪಕ್ಕದಲ್ಲಿ ಒಂದು ಟಿಪ್ಪಣಿ: ಇಷ್ಟು ಹೊತ್ತು ಯಾರೂ ಕಾಯುವುದಿಲ್ಲ, ನಡೆದೇ ಹೋಗುತ್ತಾರೆ, ಇವು ಟೈಪಿಂಗ್ ತಪ್ಪುಗಳು. ಮುಂದಿನ ಪ್ರತಿಯಲ್ಲಿ ಹೊಸಬರಿಗೆ ಗೊಂದಲ ಬೇಡವೆಂದು ಆ ಸೆಲ್ಲನ್ನೇ ಅಳಿಸಿದ್ದರು. ಒಂಬತ್ತು ಸಾಲು ಪಟ್ಟಿಗೆ ಮರಳಿದರೂ, ಅವನ್ನು ಬಿಟ್ಟು ತೆಗೆದ ಹನ್ನೊಂದು ಎಂಬ ಉತ್ತರ ಮಾತ್ರ ಹಾಗೇ ಉಳಿದಿತ್ತು. ಅಳಿಸಿದವರು ಯಾರು? ಅಕ್ಕ ಕೆಳಗಿನ ಸಾಲಿಗೆ ಇಳಿದಳು. ಎಂಟು ವರ್ಷದ ಹಿಂದಿನ ತಾರೀಕು ಓದಿ, ಯಂತ್ರ ಮೇಷ್ಟ್ರ ಹೆಸರನ್ನು ಅವರಪ್ಪನ ಹೆಸರಿನ ಸಮೇತ ಸ್ಪಷ್ಟವಾಗಿ ಓದಿತು.

ಅಕ್ಕಪಕ್ಕದವರ ಟೈಪಿಂಗ್ ಸದ್ದು ನಿಂತಿತು. ಹೋಗಿ ಹೋಗಿ ವರದಿ ಬರೆಯುವವರನ್ನೇ ಹಿಡಿದುಹಾಕಿದೆನಲ್ಲ ಎಂದು ಅಕ್ಕ ನಾಲಿಗೆ ಕಚ್ಚಿಕೊಂಡಳು. ಆಗೆಲ್ಲ ಬಿಡುವಿದ್ದಾಗ ನೂರಾರು ಪಾಠ ತಿದ್ದುತ್ತಿದ್ದೆ, ಇದು ನೆನಪೇ ಇರಲಿಲ್ಲ ಎಂದರು ಮೇಷ್ಟ್ರು. ಆಮೇಲೆ ಮೆಲ್ಲಗೆ, ಆದರೂ ಒಂದು ಗಂಟೆ ಯಾರು ಕಾಯುತ್ತಾರೆ ಎಂದು ಕೇಳಿದರು. ವಾದಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ.

“ನಾನು ಕಾದಿದ್ದೀನಿ ಮೇಷ್ಟ್ರೇ,” ಎಂದಳು ಅಕ್ಕ. “ಬಸ್ ಬಂದಿದ್ದು ಕೇಳ್ಸುತ್ತೆ. ಯಾವ ಬಸ್ ಅಂತ ಹೇಳೋರು ಪಕ್ಕದಲ್ಲಿ ಇರ್ಬೇಕಲ್ಲ. ಕೇಳೋ ಹೊತ್ತಿಗೆ ಹೊರಟೇ ಹೋಗಿರುತ್ತೆ. ಆಮೇಲೆ ಇನ್ನೊಂದು, ಅದೂ ಹೋಗುತ್ತೆ. ನಡ್ಕೊಂಡು ಹೋಗೋಕೆ ಆಗದವರು ಕಾಯ್ತಾರೆ.”

ಮೇಷ್ಟ್ರು ಕುರ್ಚಿ ಸರಿಸಿ ಎದ್ದದ್ದು, ಆಫೀಸು ನಡೆಸುವ ಮೇಡಂ ಕೋಣೆಯ ಬಾಗಿಲು ತೆರೆದದ್ದು ಕೇಳಿಸಿತು. ಬಾಗಿಲು ಹಾಕಿಕೊಳ್ಳಲೇ ಇಲ್ಲ ಪುಣ್ಯಾತ್ಮರು. ತಪ್ಪು ತನ್ನದೇ ಎಂದರು, ಹೇಗಾಯಿತೆಂದು ಒಂದೂ ಬಿಡದೆ ಹೇಳಿದರು. ನಾಲ್ಕು ಜನ ನೋಡಿ ಸರಿ ಅಂದಿದ್ದರಲ್ಲ, ಅವರಿಗೇಕೆ ಗೊತ್ತಾಗಲಿಲ್ಲ ಎಂದು ಮೇಡಂ ಕೇಳಿದರು.

“ನೋಡಿದರು ಮೇಡಂ, ಅಷ್ಟೇ. ಉತ್ತರ ಕೆಳಗೇ ಇತ್ತು, ತಲೆ ಆಡಿಸಿದರು. ಈ ಆಫೀಸಲ್ಲಿ ಪಾಠನ ಮೇಲಿಂದ ಕೆಳಗೆ ಓಡಿಸಿ ನೋಡಿದ್ದು ಅಕ್ಕ ಒಬ್ಬರೇ.”

ಹಾಗಾದರೆ ಈಗಾಗಲೇ ಜನರ ಕೈ ಸೇರಿದ ನಲವತ್ತು ಪಾಠಗಳ ಗತಿ ಏನು ಎಂದರು ಮೇಡಂ. ಆಮೇಲೆ ತಾವೇ ಎದ್ದು ಅಕ್ಕನ ಮೇಜಿನ ಹತ್ತಿರ ಬಂದು, ಆ ನಲವತ್ತನ್ನೂ ನೀವೇ ಕೇಳಿ ಹೇಳಬೇಕು, ಒಂದು ವರ್ಷವಾದರೂ ಹಿಡಿಯುತ್ತದೆ, ಇರುತ್ತೀರಾ ಎಂದು ಕೇಳಿದರು.

ಇರ್ತೀನಿ ಎಂದಳು ಅಕ್ಕ, ಅವರು ಕೇಳಿ ಮುಗಿಸುವ ಮೊದಲೇ. ಅತ್ತ ಮೇಷ್ಟ್ರು ಪಾಠದಲ್ಲಿದ್ದ ಹನ್ನೊಂದನ್ನು ಅಳಿಸಿ, ಆ ಒಂಬತ್ತು ಜನರೂ ಸೇರಿದ ಹದಿನಾಲ್ಕನ್ನು ಬರೆಯುತ್ತಿದ್ದರು. ತಿದ್ದಿದ್ದೇಕೆ ಎಂದು ಯಂತ್ರ ಕಾರಣ ಕೇಳಿತು. ಏನಂತ ಬರೆಯಲಿ ಎಂದು ಅವರು ಅಕ್ಕನನ್ನೇ ಕೇಳಿದರು.

“ಅವರು ಕಾದಿದ್ದು ನಿಜ ಅಂತ ಬರೀರಿ,” ಎಂದಳು ಅಕ್ಕ.