ಮೇಸ್ತ್ರಿಯ ಕಿವಿಯೊಳಗಿನ ಸೀಟಿ

ಯಂತ್ರಮಗ್ಗದ ಶೆಡ್ಡಿನಲ್ಲೇ ಕೂದಲು ನರೆಸಿಕೊಂಡ ಮೇಸ್ತ್ರಿ ಕೆಲಸ ಬಿಟ್ಟ ದಿನವೇ ನಿದ್ದೆ ಅವನನ್ನು ಬಿಟ್ಟು ಓಡಿಹೋಗಿತ್ತು. ಕಿವಿಯೊಳಗೆ ಕುಕ್ಕರಿನ ಸೀಟಿಯಂಥ ಸದ್ದು. ಕುಕ್ಕರಾದರೆ ಒಲೆ ಆರಿಸಿದರೆ ಸುಮ್ಮನಾಗುತ್ತದೆ. ಇದಕ್ಕೆ ಒಲೆಯೂ ಇಲ್ಲ, ಆರಿಸುವವರೂ ಇಲ್ಲ. ಮಗ್ಗಗಳ ಗದ್ದಲದಲ್ಲಿ ಮುಳುಗಿರುತ್ತಿದ್ದ ಆ ಸೀಟಿ ಮನೆಯ ಮೌನ ಸಿಕ್ಕಿದ್ದೇ ತಡ, ರಾಜ್ಯಭಾರ ಶುರು ಮಾಡಿತ್ತು.

"ಮಗ್ಗದ ಸದ್ದಿಂದ್ಲೇ ಕಿವಿ ಕೆಟ್ಟಿರೋದು. ಇನ್ನು ಆ ಕಡೆ ತಲೆ ಹಾಕಿದ್ರೆ ಉಳಿದಿರೋದೂ ಹೋಗುತ್ತೆ. ಮಗಳ ಮಾತು ಕೇಳಿಸ್ಬೇಕೋ ಬೇಡ್ವೋ?" ಎಂದು ಡಾಕ್ಟರು ಗದರಿದ್ದರು. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಉಳಿದಿದ್ದ ಮಾತೆಂದರೆ ಮಗಳದೊಂದೇ. ಬೇಕು ಎಂದು ತಲೆಯಾಡಿಸಿ ಬಂದಿದ್ದ. ಡಾಕ್ಟರು ಹೇಳಿದಂತೆ ಸಣ್ಣಗೆ ರೇಡಿಯೋ ಹಾಕಿ ನೋಡಿದ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತಡೆಯಲಾರದೆ ಒಂದು ದಿನ ಗೋಡೆಗೆ ತಲೆ ಚಚ್ಚಿಕೊಂಡ. ಮಗಳು ಅತ್ತಳು, ಆಮೇಲೆ ಅವನ ಕೈ ಹಿಡಿದು ಹೆಡ್‌ಫೋನಿನ ಅಂಗಡಿಗೆ ಎಳೆದುಕೊಂಡು ಬಂದಳು.

ಅಂಗಡಿಯವನು ಮಾತಿನಮಲ್ಲ. "ಹೊರಗಡೆ ಪುಟ್ಟ ಮೈಕ್ ಇದೆ ನೋಡಿ ಯಜಮಾನ್ರೇ. ಸುತ್ತಲಿನ ಸದ್ದನ್ನ ಅದು ಕೇಳಿಸ್ಕೊಳ್ಳುತ್ತೆ. ಆ ಅಲೆ ಮೇಲೆದ್ರೆ ಇದು ಕೆಳಗಿಳಿಯೋ ಅಲೆ ಬಿಡುತ್ತೆ. ಎರಡೂ ಸೇರಿ ಸೊನ್ನೆ!"

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು! ಮೇಸ್ತ್ರಿ ಮುಂದೆ ಬಾಗಿದ. "ಒಂದೇ ಸಮ ಬರೋ ಸದ್ದು ಹೋಗುತ್ತಾ?" ಎಂದ.

"ಅದಕ್ಕೇ ಅಲ್ವಾ ಮಾಡಿರೋದು! ಮಾತು, ಚಪ್ಪಾಳೆ ಒಂಚೂರು ನುಸುಳಬಹುದು. ಒಂದೇ ಸಮ ಗುಂಯ್ ಅನ್ನೋದಿದ್ಯಲ್ಲ, ಅದು ಮಂಗಮಾಯ."

ಯಾವ ಸದ್ದು, ಎಲ್ಲಿಯ ಸದ್ದು ಎಂದು ಅಂಗಡಿಯವನು ಕೇಳಲಿಲ್ಲ, ಇವರೂ ಹೇಳಲಿಲ್ಲ. ತಲೆಯೊಳಗೆ ಸೀಟಿ ಕೂಗುತ್ತಿದೆ ಎಂದರೆ ಅಪ್ಪನನ್ನು ಹುಚ್ಚ ಅಂದುಕೊಂಡಾರು ಎಂಬ ಭಯ ಮಗಳಿಗೆ. ಮೇಸ್ತ್ರಿಗೋ, ಸದ್ದು ಅಂದಮೇಲೆ ಸದ್ದೇ. ಯಾವ ಮಗ್ಗ ಕಿರುಗುಟ್ಟಿದರೂ ಅದಕ್ಕೊಂದು ರಿಪೇರಿ ಇದ್ದೇ ಇರುತ್ತದೆ ಎಂದು ನಂಬಿ ಬಾಳಿದವನು ಅವನು.

ಮಗಳು ಒಂದೊಂದನ್ನೇ ಅಪ್ಪನ ತಲೆಗೆ ಹಾಕಿ ನೋಡಿದಳು. ಒಂದು ಭಾರ, ಕತ್ತು ನೋಯುತ್ತದೆ. ಇನ್ನೊಂದಾದರೆ ಕಿವಿಯ ಮೇಲೆ ಕೂರುತ್ತದೆಯೇ ಹೊರತು ಕಿವಿಯನ್ನು ಮುಚ್ಚುವುದಿಲ್ಲ, ಸಂದಿನಲ್ಲಿ ಬೀದಿಯ ಗಲಾಟೆಯೆಲ್ಲ ಒಳಗೆ. ಕೊನೆಗೆ ಇಡೀ ಕಿವಿಯನ್ನು ಅಪ್ಪಿಕೊಳ್ಳುವ ಮೆತ್ತನೆಯದೊಂದು ಸಿಕ್ಕಿತು. ಸಂದು ಬಿಡದಿರಲೆಂದು ಅಪ್ಪನ ಕನ್ನಡಕವನ್ನೂ ತೆಗೆದಿಟ್ಟಳು. ಅಂಗಡಿಯವನು ಗುಂಡಿ ಒತ್ತಿದ.

ಫ್ಯಾನು ಸತ್ತಿತು. ಬೀದಿ ಸತ್ತಿತು. ಆ ಬರಿದಾದ ಜಾಗದಲ್ಲಿ ಸೀಟಿಯೊಂದೇ ಎದ್ದು ನಿಂತು, ಎಂದೂ ಇಲ್ಲದಷ್ಟು ಜೋರಾಗಿ ಕೂಗತೊಡಗಿತು. ಮಗಳ ತುಟಿ ಆಸೆಯಿಂದ ಅಲುಗುತ್ತಿತ್ತು. "ಹೋಯ್ತಾ ಅಪ್ಪಾ?"

"ತೆಗಿ! ತೆಗಿಯೇ ತಾಯಿ, ಸತ್ತೋಗ್ತೀನಿ!"

ಮಗಳಿಗೆ ಈಗ ಅಂಗಡಿಯವನ ಮುಂದೆ ಸೀಟಿಯ ವಿಷಯ ಹೇಳದೆ ವಿಧಿಯಿರಲಿಲ್ಲ. ಕೇಳಿ ಅವನ ಮುಖ ಇಳಿಯಿತು. "ಇದಕ್ಕೆ ಹೊರಗಿನ ಸದ್ದು ಮಾತ್ರ ಗೊತ್ತಾಗೋದು, ಯಜಮಾನ್ರೇ. ಒಳಗಿಂದು ಇದರ ಮೈಕಿಗೆ ಕೇಳಿಸಲ್ಲ." ಮಗಳು ಆದರೂ ಅದನ್ನೇ ಕೊಂಡಳು. ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯ ಅವಳಿಗಿರಲಿಲ್ಲ.

ಮನೆಯ ದಾರಿಯಲ್ಲೇ ಶೆಡ್ಡು. ಮೇಸ್ತ್ರಿಯ ಕಾಲು ತಾನಾಗಿ ಅತ್ತ ತಿರುಗಿತು. ಮಗಳು ತೋಳು ಹಿಡಿದು ಜಗ್ಗಿದಳು. ಅವನು ಕೊಸರಿಕೊಂಡು ಒಳಗೆ ನುಗ್ಗಿ, ಮಗ್ಗಗಳ ಪಕ್ಕದ ನೂಲಿನ ಮೂಟೆಗೆ ಒರಗಿ ಕುಸಿದ. ಲಟಪಟ ಲಟಪಟ ಎಂದು ಸದ್ದು ಮೈಮೇಲೆ ಸುರಿಯಿತು. ಸೀಟಿ ಮುಳುಗಿತು. ರೆಪ್ಪೆಗಳು ಭಾರವಾದವು.

ಮಗಳು ಮುಂದೆ ಮಂಡಿಯೂರಿ ಏನೋ ಕಿರುಚುತ್ತಿದ್ದಳು. ಅವಳ ದನಿ ಅವನಿಗೆ ತಲುಪಲಿಲ್ಲ. ಉಳಿದಷ್ಟಾದರೂ ಕಿವಿ ಉಳಿಯಲಿ ಎಂದು ಅವಳು ಹೆಡ್‌ಫೋನ್ ತೆಗೆದು ಅವನ ತಲೆಗೆ ಹಾಕಹೋದಳು. ಅವನು ಎರಡೂ ಕೈಯಿಂದ ಅದನ್ನು ತಡೆದ. ಮಗ್ಗದ ಸದ್ದು ಹೋದರೆ ಸೀಟಿ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಶೆಡ್ಡಿನವರು ಬಾಯಲ್ಲಿ ಮಾತಾಡುವುದಿಲ್ಲ, ಕೈಯಲ್ಲಿ ಮಾತಾಡುತ್ತಾರೆ. ಚಿಕ್ಕವಳಿದ್ದಾಗ ಊಟ ತರುತ್ತಿದ್ದ ಮಗಳಿಗೆ ಅವನೇ ಅದನ್ನು ಕಲಿಸಿದ್ದ. ಈಗ ಅವಳು ಎದೆ ಮುಟ್ಟಿಕೊಂಡು, ಬಾಯಿ ತೋರಿಸಿ, ಅವನ ಕಿವಿ ಮುಟ್ಟಿದಳು: ನನ್ನ ಮಾತು ನಿನಗೆ ಬೇಡವಾ?

ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಅವನು ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು ತೋರಿಸಿದ. ಇನ್ನೊಂದು ಚೂರು ಹೊತ್ತು ಎಂದರ್ಥ. ಆ ಬೆರಳುಗಳು ಹಾಗೇ ಇರುವಾಗಲೇ ಅವನಿಗೆ ನಿದ್ದೆ ಹತ್ತಿತು.