ಬೆಲ್‌ಗ್ರೇಡಿಗೆ ಪುಕ್ಕಟೆ ಪ್ರವಾಸ

ನಮ್ಮ ಬೂಟು ಕಾರ್ಖಾನೆಯಲ್ಲಿ ಯಾರ ಕೈ ನೋಡಿದರೂ ಸಾಕು, ಅವರು ಯಾವ ಸಾಲಿನವರು ಎಂದು ಹೇಳಬಹುದಿತ್ತು. ಹೊಲಿಗೆಯವರ ಎಡಗೈ ತೋರುಬೆರಳಿನಲ್ಲಿ ಸೂಜಿ ಹೊಕ್ಕು ಬಂದ ಕಲೆಗಳು. ಚರ್ಮ ಕತ್ತರಿಸುವವರ ಹೆಬ್ಬೆರಳ ಉಗುರು ಕಪ್ಪು. ನಾನು ಸಾಂದಾ, ಅಂಟು ಹಚ್ಚುವವಳು. ನನ್ನ ಬೆರಳ ತುದಿಯಿಂದ ಸಿಪ್ಪೆ ಏಳುತ್ತಲೇ ಇರುತ್ತಿತ್ತು. ಮನೆಗೆ ಹೋಗಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಬ್ರೆಡ್ಡು ಮುರಿದು ಬಾಯಿಗಿಟ್ಟರೆ ಅಂಟಿನದೇ ವಾಸನೆ. ಧೂಳು ಬಂದು ಚರ್ಮದ ಮೇಲೆ ಕೂರುತ್ತದೆ ಎಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಕಕ್ಕಸಿಗೆ ಹೋಗಬೇಕಾದರೆ ಸಾಲಿನ ತುದಿಯಲ್ಲಿ ನೇತುಹಾಕಿದ ಮರದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಒಂದು ಸಾಲಿಗೆ ಒಂದೇ ಬಿಲ್ಲೆ. ಅದು ವಾಪಸು ಬರುವವರೆಗೆ ಉಳಿದವರು ಹಲ್ಲು ಕಚ್ಚಿಕೊಂಡು ಕೂರಬೇಕು.

ಇಂಥ ಕಡೆ ಜೂನ್ ತಿಂಗಳ ಒಂದು ಗುರುವಾರ, ಊಟದ ಹೊತ್ತಿನಲ್ಲಿ, ಗಾವ್ರಿಲ್ ಮೇಜಿನ ಮೇಲೆ ಹತ್ತಿ ನಿಂತ. ಅವನು ನಮ್ಮ ಸಂಘದ ಮುಖಂಡ. ಹತ್ತು ವರ್ಷ ನಮ್ಮ ಜೊತೆಯಲ್ಲೇ ಚರ್ಮ ಕತ್ತರಿಸಿದವನು. ನಾವೇ ಕೈ ಎತ್ತಿ ಆರಿಸಿದವನು.

"ಅಕ್ಕಂದಿರಾ, ತಂಗಿಯರಾ, ಚಮಚ ಕೆಳಗಿಡಿ! ಈ ಭಾನುವಾರ ಯಾರೂ ಹಂದಿಗೂಡು ತೊಳಿಯೋ ಹಾಗಿಲ್ಲ. ಸಾಹುಕಾರ್ರು ನಮ್ಮನ್ನೆಲ್ಲ ಗಡಿ ದಾಟಿಸಿ ಸೆರ್ಬಿಯಾದ ಬೆಲ್‌ಗ್ರೇಡಿಗೆ ಕಳಿಸ್ತಿದಾರೆ. ಬಸ್ಸು, ಗೈಡು, ಊಟ, ಸಂಗೀತ, ಎಲ್ಲಾ ಅವರದೇ ಖರ್ಚು!"

ಸಾಹುಕಾರ ಎಂದರೆ ಇಟಲಿಯ ಪವಾನೆಲ್ಲೊ. ಹತ್ತೊಂಬತ್ತು ವರ್ಷಗಳಲ್ಲಿ ಕ್ರಿಸ್‌ಮಸ್ಸಿಗೆ ಒಂದು ಚಾಕೊಲೇಟ್ ಕೂಡ ಹಂಚಿದವನಲ್ಲ.

"ಯಾಕೆ, ಮನುಷ್ಯನಿಗೆ ಜ್ವರ ಏನಾದ್ರೂ ಬಂದಿದೆಯಾ?" ಎಂದಳು ವೆತೂರಿಯಾ. ಎಲ್ಲರೂ ನಕ್ಕೆವು.

ವೆತೂರಿಯಾ ಹೊಲಿಗೆ ಸಾಲಿನ ಹಿರಿಯಳು. ಐವತ್ತನಾಲ್ಕು ವರ್ಷ. ಕಾರ್ಖಾನೆ ಶುರುವಾದ ದಿನ ಮೊದಲ ಬೂಟು ಹೊಲಿದವಳು ಅವಳೇ. ಗಾವ್ರಿಲನ ಹೆಂಡತಿಗೆ ಸ್ವಂತ ಅಕ್ಕ.

"ನೀನು ಹತ್ತೊಂಬತ್ತು ವರ್ಷ ದುಡಿದಿದ್ದೀಯಲ್ಲ ಅತ್ತಿಗೆ, ಅದಕ್ಕೆ ಬಂದಿರೋ ಜ್ವರ," ಎಂದ ಗಾವ್ರಿಲ್. "ಎಲ್ಲರೂ ಬರಬೇಕು. ಕಾವಲಿನ ಪಾವೆಲ್ ತಾತನಿಗೂ ಸೀಟಿದೆ."

"ಮತ್ತೆ ಬಾಗಿಲು ಕಾಯೋರು ಯಾರಪ್ಪ?" ಎಂದ ಪಾವೆಲ್.

"ಒಂದು ಭಾನುವಾರ ಬಾಗಿಲೇ ಬಾಗಿಲು ಕಾಯ್ಕೊಳ್ಳುತ್ತೆ ಬಿಡು ತಾತ."

ಮತ್ತೆ ನಕ್ಕೆವು. ಆವತ್ತು ಏನು ಹೇಳಿದರೂ ನಗು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಚರ್ಚಿನ ಮುಂದೆ ಬಸ್ಸು ನಿಂತಿತ್ತು. ಐವತ್ತೊಂದು ಜನ. ಬೇಯಿಸಿದ ಮೊಟ್ಟೆ, ಕರಿದ ಮಾಂಸದ ತುಂಡು, ಪ್ಲಮ್ ಬ್ರಾಂಡಿಯ ಬಾಟಲಿಗಳು ಚೀಲದಲ್ಲಿ. ವೆತೂರಿಯಾ ಮಗಳ ಮದುವೆಗೆ ಹೊಲಿಸಿದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದಳು. ಇಲಿಂಕಾ ಮಾತ್ರ ಹಿಂದೆ ಮುಂದೆ ನೋಡುತ್ತಿದ್ದಳು. ಅವಳಿಗೆ ಆರು ತಿಂಗಳ ಮಗು, ಮನೆಯಲ್ಲಿ ಬಿಟ್ಟು ಬಂದಿದ್ದಳು. ಹೆರಿಗೆ ರಜೆ ಮುಗಿಯುವ ಮೊದಲೇ ಬಂದರೆ ಮಾತ್ರ ಜಾಗ ಉಳಿಯುತ್ತದೆ ಎಂದು ಹೆದರಿಸಿ ಕೆಲಸಕ್ಕೆ ಕರೆಸಿಕೊಂಡಿದ್ದರು. ಕಾರ್ಖಾನೆ ಮನೆಯ ಹಿಂದೆಯೇ ಇದ್ದುದರಿಂದ ಮಧ್ಯಾಹ್ನ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದಳು.

"ನಾನು ಬರಲ್ಲ ಗಾವ್ರಿಲಣ್ಣ."

"ಬರದೇ ಇದ್ದೋರ ಹೆಸರು ಬರ್ಕೊಳ್ಳೋಕೆ ಹೇಳಿದಾರಮ್ಮ. ಸುಮ್ನೆ ಯಾಕೆ ಕಣ್ಣಿಗೆ ಬೀಳ್ತೀಯ? ಹತ್ತು."

ಅವಳು ಹತ್ತಿದಳು.

ಗೈಡ್ ಹುಡುಗಿಯ ಹೆಸರು ಕ್ರಿನಾ. ಅಜ್ಜಿ ಸೆರ್ಬಿಯಾದವಳಂತೆ, ಅವಳಿಗೆ ಆ ಭಾಷೆ ನೀರು ಕುಡಿದಷ್ಟು ಸಲೀಸು. ಮೈಕು ಹಿಡಿದು ಯಾವ ರಾಜ ಯಾವ ಸೇತುವೆ ಕಟ್ಟಿಸಿದ ಎಂದು ಹೇಳುತ್ತಿದ್ದಳು. ಕೋಟೆಯ ಮೇಲೆ ನಿಲ್ಲಿಸಿ, ಎರಡು ನದಿ ಸೇರುವ ಜಾಗ ತೋರಿಸಿದಳು. ಒಂದು ನೀರು ಹಸಿರು, ಒಂದು ನೀರು ಕೆಂಚು. ವೆತೂರಿಯಾ ಗೋಡೆಗೆ ಒರಗಿ ತುಂಬ ಹೊತ್ತು ನೋಡಿದಳು. ಅವಳು ಗಡಿ ದಾಟಿದ್ದು ಅದೇ ಮೊದಲು.

"ಸಾಂದಾ, ನಾವು ಆ ಮನುಷ್ಯನ ಬಗ್ಗೆ ಎಷ್ಟೊಂದು ಕೆಟ್ಟದಾಗಿ ಮಾತಾಡ್ತಿದ್ವಿ ಅಲ್ವಾ?" ಎಂದಳು.

"ಮಾತಾಡೋ ಹಾಗೇ ಇದ್ದ ಬಿಡಕ್ಕ."

"ಇರಲಿ. ನಾಳೆ ಹೋಗಿ ಒಂದು ಮಾತು ಹೇಳ್ಬೇಕು. ಬರಿಗೈಲಿ ಬೇಡ."

ಅವಳೇ ಎಲ್ಲರ ಹತ್ತಿರ ಚಿಲ್ಲರೆ ಎತ್ತಿದಳು. ಕೋಟೆಯ ಕೆಳಗಿನ ಅಂಗಡಿಯಲ್ಲಿ ಉದ್ದ ಹಿಡಿಯ ತಾಮ್ರದ ಕಾಫಿ ಪಾತ್ರೆ ಕೊಂಡಳು. ಅಂಗಡಿಯವನು ಕಾಗದದಲ್ಲಿ ಸುತ್ತಿಕೊಟ್ಟ. ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಗಾವ್ರಿಲ್ ಅದನ್ನು ನೋಡಿದ. "ಇದೆಲ್ಲ ಯಾಕೆ ಅತ್ತಿಗೆ?" ಎಂದು ಮುಖ ತಿರುಗಿಸಿದ.

ಸಂಜೆ ನಾಲ್ಕೂವರೆ ಹೊತ್ತಿಗೆ ಇಲಿಂಕಾಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಎದೆ ಕಲ್ಲಿನಂತೆ ಗಟ್ಟಿಯಾಗಿ, ನೋವಿಗೆ ತುಟಿ ಕಚ್ಚಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಏಳಕ್ಕೆ ನದಿ ದಂಡೆಯ ಹೋಟೆಲಿನಲ್ಲಿ ಊಟ, ಸಂಗೀತ. ಹೊರಡುವುದು ಒಂಬತ್ತರ ಮೇಲೆ. ಮನೆ ಸೇರುವಾಗ ನಡುರಾತ್ರಿ.

"ಬಸ್ ತಿರುಗಿಸಿ," ಎಂದಳು ವೆತೂರಿಯಾ.

"ಒಬ್ಬಳ ಹಾಲಿಗೋಸ್ಕರ ಐವತ್ತು ಜನರ ಊಟ ಬಿಡೋದಾ?" ಗಾವ್ರಿಲ್ ಎಂದೂ ಇಲ್ಲದ ಹಾಗೆ ಕೂಗಾಡಿದ. "ವಾದ್ಯದವರು ಬಂದು ಕೂತಿದಾರೆ! ಯಾರೂ ಕದಲೋ ಹಾಗಿಲ್ಲ!"

"ನೀನು ಕುಣಿ. ನಾವು ಹೋಗ್ತೀವಿ. ನಾಳೆ ಆರಕ್ಕೆ ಪಾಳಿ ಇದೆ."

ಕ್ರಿನಾ ನಡುವೆ ಬಂದಳು. ಅವಳ ಮುಖ ಸಣ್ಣಗಾಗಿತ್ತು. "ಒಂಬತ್ತಕ್ಕೆ ಮೊದಲು ಗಡಿ ಹತ್ರ ಹೋಗ್ಬೇಡಿ ಅಂತ ನನಗೆ ಬರ್ಕೊಟ್ಟಿದಾರೆ ಚಿಕ್ಕಮ್ಮ. ಯಾಕೆ ಅಂತ ಹೇಳ್ಲಿಲ್ಲ. ರಶ್ಶು ಇರುತ್ತೇನೋ ಅಂದ್ಕೊಂಡೆ."

"ರಶ್ಶಿದ್ರೆ ನಿಲ್ತೀವಿ. ನಿಂತು ನಮಗೆ ಅಭ್ಯಾಸ ಇದೆ."

ವೆತೂರಿಯಾ ಎಲ್ಲರ ಕೈ ಎತ್ತಿಸಿದಳು. ಊಟಕ್ಕೆ ನಿಲ್ಲೋಣ ಎಂದು ಕೈ ಎತ್ತಿದವನು ಗಾವ್ರಿಲ್ ಒಬ್ಬನೇ; ಕೊನೆಗೆ ಅವನೂ ಹತ್ತಿದ. ಬಸ್ಸು ತಿರುಗಿತು.

ಏಳು ಗಂಟೆಗೆ ಗಡಿ ಸೇರಿದಾಗ ಇನ್ನೂ ಬಿಸಿಲಿತ್ತು. ಗುರುತಿನ ಚೀಟಿ ತೋರಿಸಲು ಎಲ್ಲರನ್ನೂ ಇಳಿಸಿದರು. ನಮ್ಮ ದೇಶದ ಕಡೆಯಿಂದ ಬಂದ ಲಾರಿಗಳು ಆಚೆ ಅಂಗಳದಲ್ಲಿ ತಪಾಸಣೆಗೆ ಸಾಲಾಗಿ ನಿಂತಿದ್ದವು. ಒಂದರ ಹಿಂಬಾಗಿಲು ತೆರೆದಿತ್ತು. ಸೆರ್ಬಿಯಾದ ಸುಂಕದ ಅಧಿಕಾರಿಣಿಯೊಬ್ಬಳು ಕಾಗದ ಹಿಡಿದು ಒಳಗೆ ನೋಡುತ್ತಿದ್ದಳು.

ವೆತೂರಿಯಾ ಸಾಲು ಬಿಟ್ಟು ಆ ಕಡೆ ನಡೆದಳು. ಕಕ್ಕಸು ಹುಡುಕುತ್ತಿದ್ದಾಳೆ ಎಂದುಕೊಂಡೆ. ಲಾರಿಯ ಹಿಂದೆ ಹೋಗಿ ನಿಂತವಳು ಅಲ್ಲಾಡಲಿಲ್ಲ. ನಾನು ಓಡಿದೆ.

ಒಳಗೆ ಹೊಲಿಗೆ ಯಂತ್ರಗಳು. ಪ್ಲಾಸ್ಟಿಕ್ ಸುತ್ತಿ, ಒಂದಕ್ಕೊಂದು ಕಟ್ಟಿ ನಿಲ್ಲಿಸಿದ್ದರು. ಅಂಚಿನಲ್ಲಿದ್ದ ಯಂತ್ರದ ಕೊರಳಿಗೆ ಕೆಂಪು ಬಿಳಿ ದಾರದ ಎಳೆ ಸುತ್ತಿತ್ತು. ನಮ್ಮಲ್ಲಿ ಮಾರ್ಚ್ ಒಂದರಂದು ಹೆಂಗಸರು ಒಳ್ಳೆಯದಾಗಲಿ ಎಂದು ಕಟ್ಟಿಕೊಳ್ಳುವ ದಾರ ಅದು. ವೆತೂರಿಯಾ ತನಗೊಂದು ಕಟ್ಟಿಕೊಂಡು ತನ್ನ ಯಂತ್ರಕ್ಕೂ ಒಂದು ಕಟ್ಟುತ್ತಿದ್ದಳು. ಎಣ್ಣೆ ಹಿಡಿದು ಕಪ್ಪಾಗಿದ್ದರೂ ಗುರುತು ಸಿಗುತ್ತಿತ್ತು.

"ನನ್ನದು," ಎಂದಳು. "ಸಾಂದಾ, ಇದು ನನ್ನದು ಕಣೇ."

ಅದರ ಹಿಂದೆ ನಮ್ಮ ಸಾಲಿನ ಅಂಟಿನ ಒಲೆ. ಅದರ ಹಿಂದೆ ಸ್ಟೂಲುಗಳು, ಒಂದರ ಮೇಲೊಂದು.

ಅಷ್ಟರಲ್ಲಿ ಎಲ್ಲರೂ ಬಂದರು. ಬಾರದೆ ಮತ್ತೆ ಬಸ್ಸು ಹತ್ತಿ ಕೂತವನು ಒಬ್ಬನೇ. ವೆತೂರಿಯಾ ಬಸ್ಸಿನ ಬಾಗಿಲಿಗೆ ಹೋದಳು. ನಾವು ಹಿಂದೆ ನಿಂತೆವು.

"ಗಾವ್ರಿಲ್, ನಿನಗೆ ಗೊತ್ತಿತ್ತಾ?"

"ಅತ್ತಿಗೆ, ಜನ ನೋಡ್ತಿದಾರೆ. ಮನೆಗೆ ಹೋಗಿ ಮಾತಾಡೋಣ."

"ಗೊತ್ತಿತ್ತಾ?"

"ಗೊತ್ತಿದ್ರೂ ಇಲ್ದಿದ್ರೂ ಸಾಹುಕಾರ ಹೋಗೋನೇ. ಈ ದೇಶದಲ್ಲಿ ಕೂಲಿ ಕಡಿಮೆ ಅಂತೆ. ಗಲಾಟೆ ಇಲ್ದೆ ಹೋಗ್ಲಿ ಅಂದ. ನನಗೆ ಇಲ್ಲಿನ ಹೊಸ ಕಾರ್ಖಾನೇಲಿ ಮೇಸ್ತ್ರಿ ಕೆಲಸ ಕೊಡ್ತೀನಿ ಅಂದ. ನಿನ್ನ ತಂಗೀನೇ ತಾನೇ ನನ್ನ ಹೆಂಡತಿ? ಅವಳ ಹೊಟ್ಟೆ ತುಂಬಬೇಡ್ವಾ?"

"ಇವರ ಹೊಟ್ಟೆ?"

ಅವನು ತಲೆ ತಗ್ಗಿಸಿದ. ಆಮೇಲೆ ಅವನು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ.

"ಅವನು ಬರೀ ಊಟ ಹಾಕಿಸ್ತೀನಿ ಅಂದಿದ್ದ ಅತ್ತಿಗೆ. ಕೊನೇ ದಿನ, ಖುಷಿಯಾಗಿರಲಿ ಅಂತ ಸಂಗೀತ ನಾನೇ ಕೇಳಿ ಹಾಕಿಸಿದ್ದು."

ವೆತೂರಿಯಾ ಕೈ ಎತ್ತಲಿಲ್ಲ. ಬೈಯಲಿಲ್ಲ. ಬಸ್ಸು ಹತ್ತಿ, ತನ್ನ ಸೀಟಿನಲ್ಲಿದ್ದ ಕಾಫಿ ಪಾತ್ರೆ ತಂದು ಅವನ ತೊಡೆಯ ಮೇಲಿಟ್ಟಳು.

"ನೀನೇ ಕೊಡು ಅವನಿಗೆ."

ಇಳಿದು ಬಂದು ಆ ಲಾರಿಯ ಮುಂದೆ ನೆಲಕ್ಕೆ ಕೂತಳು, ನೀಲಿ ಅಂಗಿಯಲ್ಲೇ. ಪಕ್ಕದಲ್ಲಿ ನಾನು ಕೂತೆ. ಪಾವೆಲ್ ತಾತ ಕೂತ. ನೋಡನೋಡುತ್ತ ಎಲ್ಲರೂ ಕೂತರು. ಲಾರಿಯವನು ಹಾರನ್ ಒತ್ತಿದ. ಪೊಲೀಸರು ಬಂದರು. ಎದ್ದೇಳಿ ಎಂದು ಅವರ ಭಾಷೆಯಲ್ಲಿ ಗದರಿಸಿದರು.

ಕ್ರಿನಾ ದೂರದಲ್ಲಿ ನಿಂತಿದ್ದಳು. ಅವಳದು ಒಂದು ದಿನದ ಕೂಲಿ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವಳು ಬಂದಳು. ಅಧಿಕಾರಿಣಿಯ ಹತ್ತಿರ ಹೋಗಿ ಏನೇನೋ ಹೇಳಿದಳು. ಅವಳ ಕೈಯಲ್ಲಿದ್ದ ಕಾಗದ ನೋಡಿದಳು. ನಮ್ಮ ಕಡೆ ತಿರುಗಿ ಗಟ್ಟಿಯಾಗಿ ಓದಿದಳು.

"'ಗುಜರಿ ಕಬ್ಬಿಣ. ಉಪಯೋಗಕ್ಕೆ ಬಾರದ್ದು.' ಹೀಗಂತ ಬರ್ದಿದಾರೆ."

"ಗುಜರಿಯಾ?" ವೆತೂರಿಯಾ ಎದ್ದಳು. "ಕೇಳಮ್ಮ ಅವಳನ್ನ, ನಾನು ಮೇಲೆ ಹತ್ತಬಹುದಾ ಅಂತ."

ಅಧಿಕಾರಿಣಿ ಕ್ಷಣ ಯೋಚಿಸಿ ತಲೆಯಾಡಿಸಿದಳು. ನಾವು ಇಬ್ಬರು ವೆತೂರಿಯಾಳನ್ನು ಎತ್ತಿ ಲಾರಿಗೆ ಹತ್ತಿಸಿದೆವು. ಅವಳು ಪ್ಲಾಸ್ಟಿಕ್ ಹರಿದಳು. ಯಂತ್ರದ ಗಾಲಿಯನ್ನು ಕೈಯಿಂದ ತಿರುಗಿಸಿದಳು. ಸೂಜಿ ಸದ್ದಿಲ್ಲದೆ ಇಳಿಯಿತು, ಏರಿತು.

"ಶನಿವಾರ ಮಧ್ಯಾಹ್ನ ಎರಡರವರೆಗೆ ಇದರಲ್ಲೇ ಹೊಲಿದಿದೀನಿ. ಎದ್ದು ಹೋಗೋ ಮುಂಚೆ ಎಣ್ಣೆ ಬಿಟ್ಟು ಒರೆಸಿದೀನಿ. ಮುಟ್ಟಿ ನೋಡಲಿ. ಗುಜರಿಗೆ ಯಾರು ಎಣ್ಣೆ ಹಾಕ್ತಾರೆ?"

ಅಧಿಕಾರಿಣಿ ಮೇಲೆ ಹತ್ತಿ ತಾನೂ ಒಮ್ಮೆ ಗಾಲಿ ತಿರುಗಿಸಿದಳು. ಬೆರಳಿಗೆ ಹತ್ತಿದ ಎಣ್ಣೆ ನೋಡಿದಳು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡಳು. ಕ್ರಿನಾಗೆ ಏನೋ ಹೇಳಿ ಕೆಳಗಿಳಿದಳು.

"ಸುಳ್ಳು ಕಾಗದ, ವಿಚಾರಣೆ ಆಗೋವರೆಗೆ ಬಿಡಲ್ಲ ಅಂದ್ರು," ಎಂದಳು ಕ್ರಿನಾ. "ಆದ್ರೆ ಇಲ್ಲಿರೋದು ಎರಡೇ ಲಾರಿ ಚಿಕ್ಕಮ್ಮ. ಮೂರು ಲಾರಿ ಮಧ್ಯಾಹ್ನನೇ ದಾಟಿ ಹೋಗಿದೆಯಂತೆ."

ಮಧ್ಯಾಹ್ನ. ನಾವು ಆಗ ಕೋಟೆಯ ಮೇಲೆ ನಿಂತು ನದಿ ನೋಡುತ್ತಿದ್ದೆವು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇಲಿಂಕಾ ಜೋರಾಗಿ ಅಳತೊಡಗಿದಳು. ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆವು. ಗಾವ್ರಿಲನ ಪಕ್ಕದ ಸೀಟಿನಲ್ಲಿ ಮನೆಯವರೆಗೂ ಯಾರೂ ಕೂರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಮುಂದೆ ಎಲ್ಲರೂ ಸೇರಿದೆವು. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಬಾಗಿಲಿಗೆ ಹೊಸ ಬೀಗ. ಪಾವೆಲ್ ತಾತ ಕೀಲು ಮೀಟಿ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟ. ಒಳಗೆ ನಮ್ಮ ಹೆಜ್ಜೆಯ ಸದ್ದೇ ನಮಗೆ ಹೆದರಿಕೆ ಹುಟ್ಟಿಸುವಷ್ಟು ಖಾಲಿ. ನೆಲದ ಮೇಲೆ ಯಂತ್ರಗಳಿದ್ದ ಜಾಗದಲ್ಲಿ ಎಣ್ಣೆಯ ಕಲೆಗಳು ಮಾತ್ರ. ವೆತೂರಿಯಾ ತನ್ನ ಕಲೆ ಹುಡುಕಿ ಅದರ ಹಿಂದೆ ನಿಂತಳು. ಒಬ್ಬೊಬ್ಬರೇ ಅವರವರ ಜಾಗದಲ್ಲಿ ನಿಂತೆವು. ಗಾವ್ರಿಲ್ ಬರಲಿಲ್ಲ. ಅವನು ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ ಇಲಿಂಕಾ ಮಗುವಿನ ಗಾಡಿ ನಿಲ್ಲಿಸಿದಳು. ಮೊದಲ ಕೆಲಸವೆಂದು ನಾನು ಕಿಟಕಿಯ ಮೊಳೆ ಕಿತ್ತೆ.

ಒಂಬತ್ತಕ್ಕೆ ಪವಾನೆಲ್ಲೊ ಕಡೆಯ ವಕೀಲ ಬಂದ. ಕಂಕುಳಲ್ಲಿ ಕಾಗದದ ಕಟ್ಟು. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತ.

"ಇಲ್ಲಿ ಏನ್ ಮಾಡ್ತಿದೀರಿ ನೀವೆಲ್ಲ?"

"ಶನಿವಾರ ಹೋಗುವಾಗ ಸೋಮವಾರ ಆರಕ್ಕೆ ಬನ್ನಿ ಅಂದಿದ್ರಿ," ಎಂದಳು ವೆತೂರಿಯಾ. "ಬಂದಿದೀವಿ. ಕೆಲಸ ಕೊಡಿ ಸ್ವಾಮಿ."

"ಯಂತ್ರಗಳೇ ಇಲ್ಲವಲ್ಲಮ್ಮ."

"ಅದನ್ನ ನೀವು ಹೇಳಿ, ಎಲ್ಲಿಗೆ ಹೋದ್ವು ಅಂತ. ನಾವು ಹೇಳೋದು ಬೇಡ."

"ನೋಡಿ, ಸಮಾಧಾನವಾಗಿ ಕೂತು ಮಾತಾಡೋಣ. ನೀವಾಗೇ ಕೆಲಸ ಬಿಟ್ರಿ ಅಂತ ಒಂದೊಂದು ಸಹಿ ಹಾಕಿದ್ರೆ ಎಲ್ಲಾ ಸಲೀಸಾಗಿ ಮುಗಿಯುತ್ತೆ."

"ಸಹಿ ಇಲ್ಲ. ಮಾತಾಡೋದಾದ್ರೆ ಬನ್ನಿ, ಕೂತ್ಕೊಳ್ಳಿ."

ಅವನು ಕಾಗದದ ಕಟ್ಟು ಹಿಡಿದುಕೊಂಡು ಕುರ್ಚಿಗಾಗಿ ಆ ಕಡೆ ಈ ಕಡೆ ನೋಡಿದ. ಇಡೀ ಕಾರ್ಖಾನೆಯಲ್ಲಿ ಒಂದೂ ಇರಲಿಲ್ಲ. ಅದನ್ನೂ ಅವರೇ ಹೊತ್ತುಕೊಂಡು ಹೋಗಿದ್ದರು.

ನಾವು ನಿಂತೇ ಇದ್ದೆವು. ಅವನೂ ನಿಂತ.